ನೂರು ವರ್ಷದ ಕಿಟ್ಟ, ನಾಲ್ಕು ಬೆರಳು ಕೂದಲು

೧

ಈ ಕಥೆಯನ್ನು ತಲೆಯಿಂದ ಆರಂಭಿಸಬೇಕೋ ಕೈಯಿಂದ ಆರಂಭಿಸಬೇಕೋ ಎಂಬುದು ಮೂರು ದಿನಗಳಿಂದ ತೀರ್ಮಾನವಾಗುತ್ತಿಲ್ಲ. ನಮಗೆ ಗದ್ಯರಚನೆ ಕಲಿಸಿದವರು ಮೊದಲ ವಾಕ್ಯದಲ್ಲಿಯೇ ದೇಶ, ಕಾಲ, ಪಾತ್ರ ಮೂರೂ ನೆಲೆಗೊಳ್ಳಬೇಕೆಂದು ವಿಧಿಸಿದ್ದರು. ವಿಧೇಯನಾಗಿ ಬರೆದೆ:

ಸಾವಿರದ ಒಂಬೈನೂರ ಐವತ್ತೈದನೆಯ ಇಸವಿ, ಯುಗಾದಿ ಕಳೆದ ಎಂಟನೆಯ ದಿನ, ಆದೋನಿಯ ಕೋಟೆಬೆಟ್ಟದ ಕೆಳಗಿನ ಓಣಿಯೊಂದರಲ್ಲಿ ಇಪ್ಪತ್ತನಾಲ್ಕು ವರ್ಷದ ಭೀಮಕ್ಕನೆಂಬ ಗೃಹಿಣಿಯು ಬಾಗಿಲಿಗೆ ಅಗಳಿ ಹಾಕಿ, ಸೆರಗು ಸರಿಸಿ, ಬೆರಳ ತುದಿಯಿಂದ ತನ್ನ ತಲೆಯನ್ನು ಸವರಿ ನೋಡಿಕೊಂಡಳು.

ವಾಕ್ಯ ನಿರ್ದುಷ್ಟವಾಗಿದೆ. ಕರ್ತೃ, ಕರ್ಮ, ಕ್ರಿಯೆಗಳು ತಮ್ಮ ತಮ್ಮ ಪೀಠಗಳಲ್ಲಿ ಕುಳಿತಿವೆ. ಆದರೆ ಓದುಗರೇ, ಸವರಿದಾಗ ಬೆರಳಿಗೆ ಸಿಕ್ಕಿದ್ದೇನು? ಏನೂ ಸಿಗಲಿಲ್ಲ. ಕಥೆ ಇರುವುದು ಆ ಏನೂ ಇಲ್ಲದ ಕಡೆಯಲ್ಲಿ. ನನ್ನ ವಾಕ್ಯವಾದರೋ ಅಲ್ಲಿಗೆ ತಲುಪುವ ಮೊದಲೇ ಮುಗಿದು, ಮೆಚ್ಚುಗೆಗಾಗಿ ಕೈಕಟ್ಟಿ ನಿಂತಿದೆ. ಹೊಡೆದು ಹಾಕಿದೆ.

೨

ಹಾಗಾದರೆ ಕೈಯಿಂದ.

ಹಿಂದಿನ ವರ್ಷದ ಮಾಘಮಾಸದಲ್ಲಿ, ಹತ್ತಿಯ ಜಿನ್ನಿಂಗ್ ಕಾರ್ಖಾನೆಯಲ್ಲಿ ಫಿಟ್ಟರನಾಗಿದ್ದ ಭೀಮಕ್ಕನ ಗಂಡ ಹೊನ್ನೂರಪ್ಪನ ಬಲಗೈ ಯಂತ್ರದ ಬೆಲ್ಟಿಗೆ ಸಿಕ್ಕಿತು. ಮೊಣಕೈಯ ಕೆಳಗೆ ಕತ್ತರಿಸಬೇಕಾದೀತೆಂದು ಡಾಕ್ಟರು ಹೇಳಿ ಒಳಗೆ ಹೋದರು. ಭೀಮಕ್ಕ ಆಸ್ಪತ್ರೆಯ ಪಡಸಾಲೆಯಲ್ಲಿ ಈರಣ್ಣಸ್ವಾಮಿಯ ಕ್ಷೇತ್ರವಾದ ಉರುಕುಂದದ ದಿಕ್ಕಿಗೆ ತಿರುಗಿ ನಿಂತು, ಮೊಣಕಾಲು ಮುಟ್ಟುವ ಜಡೆಯನ್ನು ಬಿಚ್ಚಿ ಮುಂದಕ್ಕೆಳೆದುಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಈರಣ್ಣಾ, ಆ ಕೈ ಉಳಿಸು. ಈ ಮುಡಿ ಪೂರಾ ನಿನಗ."

ಕೈ ಉಳಿಯಿತು. ಆದರೆ ಉಳಿದ ಕೈಯ ಬೆರಳುಗಳು ಮಡಚಲಿಲ್ಲ. ಬಿಸಿ ತಣ್ಣನೆಯ ಭೇದವೂ ಅವುಗಳಿಗೆ ತಿಳಿಯದಾಯಿತು. ಹರಕೆ ತೀರಿಸಬೇಕಾದ ಶ್ರಾವಣದಲ್ಲಿ ಭೀಮಕ್ಕ ವಿಷಮಜ್ವರದಿಂದ ಮಲಗಿದ್ದಳು. ಜ್ವರ ಇಳಿಯಿತು; ಅದರ ಹಿಂದೆಯೇ ಕೂದಲು ಇಳಿಯತೊಡಗಿತು. ಬಾಚಣಿಗೆಗೆ ಹಿಡಿಹಿಡಿಯಾಗಿ ಬಂದು, ದೀಪಾವಳಿಯ ಅಭ್ಯಂಜನದ ಹೊತ್ತಿಗೆ ಅವಳ ತಲೆಯು ಸೋರೆಬುರುಡೆಯಂತೆ—

"ಅದೇನು ಬರಿಯಾಕ ಹತ್ತೀರಿ ಅಯ್ಯವಾರೂ?"

(ಇವಳು ಶೇಷಮ್ಮ. ಭೀಮಕ್ಕನ ಅತ್ತೆ. ಕಥೆಯೊಳಕ್ಕೆ ಇವಳನ್ನು ಮುಂದಿನ ಪುಟದಲ್ಲಿ ಗೌರವದಿಂದ ಕರೆತರುವ ಸಂಕಲ್ಪ ನನಗಿತ್ತು. ಕಾಯಲಿಲ್ಲ.)

"ಉಪಮೆ ತಾಯಿ. ಅಲಂಕಾರ."

"ಅಲಂಕಾರ ನಿಮ್ಮ ಮನಿಯವರಿಗೆ ಮಾಡ್ರಿ. ನನ್ನ ಸೊಸಿ ತಲಿಗೆ ಸೋರೆಬುರುಡಿ ಅಂತೀರಲ್ಲ, ನಿಮ್ಮ ತಲಿ ಒಮ್ಮೆ ಕನ್ನಡ್ಯಾಗ ನೋಡ್ಕೊಂಡೀರೇನು?"

ನೋಡಿಕೊಂಡಿದ್ದೇನೆ. ಉಪಮೆಯನ್ನು ಹಿಂದಕ್ಕೆ ಪಡೆದೆ. ಹೊರಗಿನವರ ಮುಂದೆ ಸೊಸೆಯ ಪರ ಹೀಗೆ ನಿಲ್ಲುವ ಶೇಷಮ್ಮ ಮನೆಯೊಳಗೆ ಅದೇ ಸೊಸೆಗೆ ದಿನಕ್ಕೊಮ್ಮೆ ಹೇಳುತ್ತಿದ್ದ ಮಾತು ಬೇರೆ:

"ದ್ಯಾವ್ರು ಕೈ ಕೊಟ್ಟಾನ, ಬೆರಳು ತನ್ನ ಹತ್ರಾನೇ ಇಟ್ಕೊಂಡಾನ. ಯಾಕ? ಹರಕಿ ತೀರಿಲ್ಲ. ಎರಡನೇ ಶ್ರಾವಣಾನೂ ತಪ್ಪಿತಂದ್ರ ಕೈನೂ ವಾಪಸು ತಗೋತಾನ. ಬೋಳು ತಲಿ ಒಯ್ದು, ಇಕಾ ತಗೋ ಸ್ವಾಮಿ, ಅಂದ್ರ ಏನು ತಗೋಬೇಕು ಆತ?"

ಕಾರ್ಖಾನೆಯ ಮೇಸ್ತ್ರಿ ಬಂದು ಮುಂದಿನ ಹಂಗಾಮಿಗೆ ಹೊನ್ನೂರಪ್ಪನ ಕೈಗೆ ನಟ್ಟು ಬಿಗಿಯುವ ಪಾನಾ ಹಿಡಿಯಲು ಬಂದರೆ ಕೆಲಸ, ಇಲ್ಲವಾದರೆ ಆ ಜಾಗಕ್ಕೆ ಬೇರೊಬ್ಬನೆಂದು ಹೇಳಿ ಹೋಗಿದ್ದನು. ಶ್ರಾವಣಕ್ಕೆ ನಾಲ್ಕು ತಿಂಗಳಿತ್ತು. ಭೀಮಕ್ಕನ ಪಾಲಿಗೆ ಲೆಕ್ಕ ಒಂದೇ ಆಗಿತ್ತು: ತಲೆಯ ಮೇಲೆ ಕೂದಲು ಬಂದರೆ ಗಂಡನ ಕೈಗೆ ಬೆರಳು ಬರುತ್ತದೆ. ಬರದಿದ್ದರೆ ಇಲ್ಲ.

ಬೆಳೆಸುವುದಕ್ಕಾಗಿ ಬೆಳೆಸುವವರನ್ನು ಎಲ್ಲರೂ ಕಂಡಿದ್ದೇವೆ. ಬೋಳಿಸುವುದಕ್ಕಾಗಿ ಬೆಳೆಸಬೇಕಾದವಳು ಇವಳು.

೩

ಆಸ್ಪತ್ರೆಯ ಡಾಕ್ಟರು, "ಜ್ವರದಿಂದ ಹೋದ ಕೂದಲು ತಾನಾಗಿ ಬರುತ್ತದೆ, ಸುಮ್ಮನಿರು," ಎಂದಿದ್ದರು. ಆರು ತಿಂಗಳು ಸುಮ್ಮನಿದ್ದಳು. ಅನಂತರ ಕೋಟೆಯ ಕೆಳಗಿನ ವೈದ್ಯರ ಬಳಿಗೆ ಹೋದಳು.

ವೈದ್ಯರು ನಾಡಿ ಹಿಡಿದು, ಕೆಳಗಿನ ರೆಪ್ಪೆಯನ್ನು ಎಳೆದು ನೋಡಿದರು. ಅದು ಸುಣ್ಣದಂತೆ ಬೆಳ್ಳಗಿತ್ತು.

"ರಕ್ತದಾಗ ಕಬ್ಬಿಣ ಇಲ್ಲಮ್ಮಾ. ಸಾರ ಇಲ್ಲದ ಹೊಲದಾಗ ಏನು ಬೆಳೀತೈತಿ? ಮಂಡೂರ ತಗೋಬೇಕು."

ಮಂಡೂರವೆಂದರೆ ಕುಲುಮೆಯಲ್ಲಿ ಕಬ್ಬಿಣದಿಂದ ಕಳಚಿ ಬೀಳುವ ಕಿಟ್ಟ. ಕೆಂಪಗೆ ಕಾಸಿ, ಗಂಜಳದಲ್ಲಿ ಅದ್ದಿ, ಹೀಗೆ ಏಳು ಸಲ ಮಾಡಿ, ಅರೆದು, ಬಟ್ಟೆಯಲ್ಲಿ ಸೋಸಿ, ಚಿಟಿಕೆಯಷ್ಟನ್ನು ಮಜ್ಜಿಗೆಯಲ್ಲಿ ಕುಡಿಯತಕ್ಕದ್ದು. ಆದರೆ ಅಂಗಡಿಯ ಪುಡಿ ಈ ವೈದ್ಯರಿಗೆ ಸೇರದು.

"ನಿನ್ನೆ ಮೊನ್ನೆ ಬಿದ್ದ ಕಿಟ್ಟ ಹೊಟ್ಟಿ ಕೆಡಿಸ್ತೈತಿ. ನೂರು ವರ್ಷ ನೆಲದಾಗ ಕುಂತು ತಣ್ಣಗಾದದ್ದು ಬೇಕು. ನೀನು ಕಮ್ಮಾರರ ಮಗಳು. ನಿನಗ ಗೊತ್ತಿಲ್ಲದ್ದು ನನಗ ಗೊತ್ತೈತೇನು?"

ಭೀಮಕ್ಕನಿಗೆ ಗೊತ್ತಿತ್ತು. ಅದಕ್ಕಾಗಿಯೇ ಅವಳು ಎದ್ದು ಬಂದಳು.

ಆಲೂರಿನಲ್ಲಿ ಅವಳ ಸೋದರಮಾವ ಸುಂಕಣ್ಣನ ಕುಲುಮೆಯಿತ್ತು. ಆ ಮನೆತನದ ಹಿರಿಯನೊಬ್ಬನು ಅಲ್ಲಿ ಮೊದಲು ಬೆಂಕಿ ಹೂಡಿದ ದಿನ ಬಿದ್ದ ಕಿಟ್ಟವನ್ನು ಕುಣಿಯಲ್ಲಿ ತುಂಬಿ, ಅದರ ಮೇಲೆ ಅಡಿಗಲ್ಲನ್ನು ನಿಲ್ಲಿಸಿದ್ದನು. ನಾಲ್ಕು ತಲೆಮಾರು ಆ ಅಡಿಗಲ್ಲಿನ ಮೇಲೆ ಕಬ್ಬಿಣ ಬಡಿದಿತ್ತು. ಅವರದೊಂದು ಕಟ್ಟಳೆಯಿತ್ತು: ಅಡಿಗಲ್ಲು ಜಾಗ ಬಿಟ್ಟು ಎದ್ದರೆ ಆ ಕುಲುಮೆಗೆ ಒಂದು ವರ್ಷ ಬೆಂಕಿ ಇಲ್ಲ.

೪

ಇಲ್ಲಿ ನಾನು ಬರೆದ ಮೊದಲ ಕರಡನ್ನು ನಿಮ್ಮ ಮುಂದೆ ಮುಚ್ಚಿಡುವುದಿಲ್ಲ. ಅದರಲ್ಲಿ ಸುಂಕಣ್ಣ ಸೋದರಸೊಸೆಯ ಕಣ್ಣೀರು ಕಂಡೊಡನೆ ಹೃದಯ ಕರಗಿ, "ಮಗಳೇ, ನಿನಗಿಂತ ಅಡಿಗಲ್ಲು ಹೆಚ್ಚೇ?" ಎಂದು ಗದ್ಗದಿಸಿ ಹಾರೆಯನ್ನು ಎತ್ತಿಕೊಳ್ಳುತ್ತಾನೆ. ಬರೆಯುವಾಗ ನನಗೇ ಗಂಟಲು ತುಂಬಿ ಬಂದಿತ್ತು.

ಸುಂಕಣ್ಣ ಅದನ್ನು ಕೇಳಿಸಿಕೊಂಡು ಬೀಡಿ ಆರಿಸಿದನು.

"ಅಯ್ಯವಾರೂ, ನಾನು ಹಂಗ ಮಾತಾಡಂಗಿಲ್ಲ. ಆಕಿನೂ ಅತ್ತಿಲ್ಲ. ನೀವು ಬಂದಿದ್ರೇನು ಅವತ್ತು?"

ಬಂದಿರಲಿಲ್ಲ. ಆದ್ದರಿಂದ ಅವನು ಹೇಳಿದಂತೆ ಬರೆಯುತ್ತೇನೆ.

ಭೀಮಕ್ಕ ಕುಲುಮೆಯ ಹೊಸ್ತಿಲಲ್ಲಿ ಕುಳಿತಳು. ಸುಂಕಣ್ಣ ಕುಂಟೆಯ ಅಲಗನ್ನು ಬಡಿಯುತ್ತಲೇ ಕೇಳಿದನು. ಮಳೆಗಾಲಕ್ಕೆ ಮೊದಲಿನ ಕೆಲಸ. ಗೋಡೆಗೆ ಹದಿನೈದಿಪ್ಪತ್ತು ಕುಂಟೆಗಳು ಒರಗಿದ್ದವು.

"ಕೂದಲಿಗೆ ಅಡಿಗಲ್ಲು ಎಬ್ಬಿಸು ಅಂತೀಯೇನ ಭೀಮೀ?"

"ಕೂದಲಿಗಲ್ಲ ಮಾವ. ಕೈಗೆ."

"ಕೈ ಜಿನ್ನಿಗೆ ಕೊಟ್ಟ ನಿನ್ನ ಗಂಡ. ಕಮ್ಮಾರ ಆಗಿ ಹುಟ್ಟಿ ಬೆಲ್ಟಿನ ಮುಂದ ಹೋಗಿ ನಿಂತ. ಬ್ಯಾಡ ಅಂದೆ. ಫಿಟ್ಟರ್ ಅಂತ, ಖಾಕಿ ಅಂಗಿ ಅಂತ. ಈಗ ನನ್ನ ಕುಲುಮಿ ಕೇಳಾಕ ಬಂದಿ."

"ಒಂದು ಬೊಗಸಿ ಕಿಟ್ಟ ಸಾಕು ಮಾವ."

"ಒಂದು ಬೊಗಸಿಗೂ ಎಬ್ಬಿಸಬೇಕು, ಒಂದು ಗಾಡಿಗೂ ಎಬ್ಬಿಸಬೇಕು. ಈ ಕುಂಟಿ ಎಲ್ಲಾ ಯಾರು ಬಡಿತಾರ? ಮಂದಿ ಮದ್ದಿಕೇರಿ ಕುಲುಮಿಗೆ ಹೊತ್ಕೊಂಡು ಹೋಗಬೇಕು. ಹೋದವ್ರು ಮುಂದಿನ ವರ್ಷ ತಿರುಗಿ ಬರ್ತಾರೇನು?"

ಅವಳು ಸೆರಗನ್ನು ತಲೆಯಿಂದ ಕೆಳಕ್ಕೆ ಇಳಿಸಿದಳು, ಅಷ್ಟೆ. ಗಂಡನಿಗೂ ಹಾಡಹಗಲು ತೋರಿಸಿರಲಿಲ್ಲ. ಕುಲುಮೆಯ ಬೆಳಕು ಆ ನೆತ್ತಿಯ ಮೇಲೆ ಬಿದ್ದು ಹೊಳೆಯಿತು.

ಸುಂಕಣ್ಣನ ಸುತ್ತಿಗೆ ನಿಂತಿತು. ಅವನು ತಲೆಯನ್ನು ನೋಡಿದನು, ಗೋಡೆಗೊರಗಿದ ಕುಂಟೆಗಳನ್ನು ನೋಡಿದನು. ಕೆಂಪಗಿದ್ದ ಅಲಗು ಇಕ್ಕಳದಲ್ಲಿಯೇ ಕಪ್ಪಾಯಿತು. ಆಮೇಲೆ ನೀರಿನ ದೋಣಿಯಿಂದ ತಂಬಿಗೆ ತುಂಬಿ ಬೆಂಕಿಯ ಮೇಲೆ ಸುರಿದನು. ಇನ್ನೊಂದು ತಂಬಿಗೆ. ಇನ್ನೊಂದು. ಹೊಗೆ ಮೇಲೆದ್ದು ಇಬ್ಬರ ಮುಖವೂ ಕಾಣದಾಯಿತು.

"ಸೆರಗು ಹೊದ್ಕೋ," ಎಂದಿತು ಹೊಗೆಯೊಳಗಿನ ದನಿ. "ಹಾರಿ ಆ ಮೂಲ್ಯಾಗ ಐತಿ, ತಾ."

ಇಲ್ಲಿ ಕಥೆಗಾರನ ತಪ್ಪೊಂದು ಹೊರಬಿತ್ತು. ಕಿಟ್ಟವನ್ನು ಏಳು ಸಲ ಕೆಂಪಗೆ ಕಾಸಬೇಕು. ಅದನ್ನು ತೆಗೆದ ಕ್ಷಣವೇ ಕಾಸುವ ಕುಲುಮೆ ಆರಿಹೋಗಿರುತ್ತದೆ. ಇದನ್ನು ನಾನು ಯೋಚಿಸಿರಲಿಲ್ಲ. ಕಿಟ್ಟವನ್ನು ಸೆರಗಿಗೆ ಕಟ್ಟಿಕೊಂಡು ಎದ್ದಾಗ ಭೀಮಕ್ಕನಿಗೆ ಹೊಳೆಯಿತು.

"ಬ್ಯಾರೆಯವ್ರ ಕುಲುಮ್ಯಾಗ ಇದನ್ನ ಹಾಕಬ್ಯಾಡ," ಎಂದನು ಸುಂಕಣ್ಣ. "ನಮ್ಮ ಬೆಂಕಿದು. ಮನ್ಯಾಗ ಕಾಸು. ಆತ ಕಮ್ಮಾರ ಹೌದೋ ಅಲ್ಲೋ, ಆತನ ಕೈಲೆ ಕಾಸು." ಗಾಳಿ ಊದುವ ಒಂದು ಸಣ್ಣ ಚರ್ಮದ ತಿದಿ ಮತ್ತು ಇಕ್ಕಳವನ್ನು ಅವಳ ಮುಂದೆ ಇಟ್ಟು, ಬೆನ್ನು ತಿರುಗಿಸಿ ಕುಳಿತನು.

೫

ಆದೋನಿಯ ಆ ಮನೆಯ ಹಿತ್ತಿಲಲ್ಲಿ ಕುಣಿ ತೋಡಿ ಇದ್ದಿಲು ತುಂಬಿದರು. ಹೊನ್ನೂರಪ್ಪನ ಎಡಗೈಗೆ ತಿದಿ ಹೋಯಿತು. ಇಕ್ಕಳಕ್ಕೆ ಉಳಿದದ್ದು ಬಲಗೈ. ಭೀಮಕ್ಕ ಇಕ್ಕಳವನ್ನು ಆ ಬೆರಳುಗಳಿಗೆ ಹಳೆಯ ಸೀರೆಯ ಅಂಚಿನಿಂದ ಬಿಗಿದು ಕಟ್ಟಿದಳು.

"ನಾನು ಹಿಡಿತೀನಿ, ಬಿಡ್ರಿ."

"ಕಬ್ಬಿಣದ ಬಣ್ಣ ನಿನಗ ಗೊತ್ತಾಕ್ಕೈತೇನು? ಕೆಂಪು ಬ್ಯಾರೆ, ಹಣ್ಣಾದ ಕೆಂಪು ಬ್ಯಾರೆ. ಸರಿ ಆಕಡಿ."

ಮೊದಲ ದಿನ ಮಾಂಸ ಸುಟ್ಟ ವಾಸನೆ ಬಂತು. ಹೊನ್ನೂರಪ್ಪ ಕಿಟ್ಟವನ್ನೇ ನೋಡುತ್ತಿದ್ದನು. ಕೆಂಡವೊಂದು ಅವನ ಕಿರುಬೆರಳಿಗೆ ಅಂಟಿ ಕುಳಿತಿತ್ತು, ಅವನಿಗೆ ತಿಳಿದಿರಲಿಲ್ಲ. ಭೀಮಕ್ಕ ಅದನ್ನು ಕೊಡವಿದಳು. ಇಬ್ಬರೂ ಆ ಬೆರಳನ್ನು ನೋಡಿದರು. ಅವನು ಇಕ್ಕಳವನ್ನು ಮತ್ತೆ ಬೆಂಕಿಗೆ ಒಡ್ಡಿದನು.

ಹಿಡಿಯಷ್ಟನ್ನು ಏಳು ಸಲ. ಮುಗಿದ ಮೇಲೆ ಇನ್ನೊಂದು ಹಿಡಿ. ಗಂಜಳದ ಹಬೆಗೆ ಓಣಿಯವರು ಮೂಗು ಮುಚ್ಚಿಕೊಂಡು, ಹೊನ್ನೂರಪ್ಪ ಬಂಗಾರ ಮಾಡಾಕ ಹತ್ತ್ಯಾನ ಎಂದು ಆಡಿಕೊಂಡರು. ಕಪ್ಪು ಕಿಟ್ಟ ಪುಡಿಪುಡಿಯಾಗಿ, ಇಟ್ಟಿಗೆಯ ಬಣ್ಣದ ಹಿಟ್ಟಾಯಿತು.

ಚಿಟಿಕೆ ಎಂದಿದ್ದರು ವೈದ್ಯರು. ಭೀಮಕ್ಕ ಹತ್ತು ದಿನ ಚಿಟಿಕೆ ಕುಡಿದಳು. ತಲೆ ಮುಟ್ಟಿ ನೋಡಿದಳು. ಹನ್ನೊಂದನೆಯ ದಿನ ಎರಡು ಚಿಟಿಕೆ. ವೈಶಾಖ ಮುಗಿಯುವಷ್ಟರಲ್ಲಿ ಅದು ಚಮಚೆಯಾಗಿತ್ತು. ಹೊಟ್ಟೆ ಕಲ್ಲಿನಂತೆ ಗಟ್ಟಿಯಾಯಿತು, ಹಲ್ಲು ಕಪ್ಪಿಟ್ಟವು, ನಿಂತರೆ ಕಣ್ಣು ಕತ್ತಲೆ. ಒಂದು ಮಧ್ಯಾಹ್ನ ನೀರು ತರುವಾಗ ಹೊಟ್ಟೆ ಹಿಡಿದುಕೊಂಡು ಹಾದಿಯಲ್ಲಿಯೇ ಕುಸಿದಳು. ಕೊಡ ಉರುಳಿ ಹೋಯಿತು.

(ಈ ಸ್ಥಳದಲ್ಲಿ ಅವಳು ಮರಣ ಹೊಂದುವ ಒಂದು ಕರಡು ನನ್ನ ಬಳಿ ಇದೆ. ಕರುಣರಸಕ್ಕೆ ಅದರಲ್ಲಿ ಏನೂ ಕೊರತೆಯಿಲ್ಲ.)

"ನನ್ನ ಸಾಯಿಸಿದ್ರ ನಿಮಗ ಸಲೀಸು ಆಕ್ಕೈತಿ, ಅಯ್ಯವಾರೂ," ಎಂದಳು ಭೀಮಕ್ಕ, ಧೂಳಿನಲ್ಲಿ ಕುಳಿತೇ. "ಹರಕಿ ಯಾರು ತೀರಿಸ್ತಾರ? ನೀವು ತಲಿ ಕೊಡ್ತೀರೇನು?"

ನನ್ನ ತಲೆಯ ಸ್ಥಿತಿಯನ್ನು ಶೇಷಮ್ಮ ಆಗಲೇ ಬಯಲು ಮಾಡಿದ್ದಾಳೆ. ಕರಡನ್ನು ಹರಿದೆ.

ಪುಡಿಯ ಡಬ್ಬಿಯನ್ನು ಕಿತ್ತುಕೊಂಡವಳು ಶೇಷಮ್ಮ. "ಚಿಟಿಕಿ ಅಂದ್ರ ಚಿಟಿಕಿ. ಇನ್ಮ್ಯಾಲೆ ನಾನು ಕೊಡ್ತೀನಿ, ನನ್ನ ಮುಂದ ಕುಡಿ. ಮುಡಿ ಬೇಡಿದಾನ ಆತ, ಹೆಣ ಬೇಡಿಲ್ಲ."

ಜ್ಯೇಷ್ಠದ ಮೊದಲ ವಾರ ನೆತ್ತಿ ಒರಟಾಯಿತು. ಆಷಾಢಕ್ಕೆ ಎರಡು ಬೆರಳಗಲದ ಕೂದಲು, ಮೊದಲಿಗಿಂತ ಕಪ್ಪಾಗಿ, ಸ್ವಲ್ಪ ಗುಂಗುರಾಗಿ. ಇದನ್ನು ಮಂಡೂರವೆಂದರು ವೈದ್ಯರು. ಕಾಲವೆಂದರು ಡಾಕ್ಟರು. ಈರಣ್ಣನೆಂದಳು ಶೇಷಮ್ಮ. ನಾನು ಸಾಕ್ಷಿ ಹೇಳಲಾರೆ. ಓದುಗರಾರೂ ಇದನ್ನು ಓದಿ ಕಿಟ್ಟ ತಿನ್ನಲು ಹೊರಡಬಾರದು.

ಒಂದು ಸಂಜೆ ಅವಳು ಒಲೆ ಊದುತ್ತಿದ್ದಾಗ ಹೊನ್ನೂರಪ್ಪ ಹಿಂದಿನಿಂದ ಬಂದು, ಏನೋ ಹೇಳುವುದಕ್ಕೆಂದು ಅವಳ ತಲೆಯ ಮೇಲೆ ಬಲಗೈ ಇಟ್ಟನು. ಹೇಳಬೇಕಾದುದನ್ನು ಮರೆತನು.

"ಏನೋ ಚುಚ್ಚಿದಂಗಾತು."

"ಎಲ್ಲಿ?"

"ಬೆರಳಿಗೆ."

ಅವಳು ಊದುಕೊಳವೆಯನ್ನು ಕೆಳಗಿಟ್ಟಳು. ಅವನು ಕೈಯನ್ನು ನಿಧಾನವಾಗಿ ಹಿಂದಕ್ಕೂ ಮುಂದಕ್ಕೂ ಸರಿಸಿದನು. "ಈ ಬೆರಳಿಗೆ ಗೊತ್ತಾಕ್ಕೈತಿ. ಇದಕ್ಕಿಲ್ಲ. ಇದಕ್ಕ ಸ್ವಲ್ಪ. ತಡಿ, ಅಲುಗಾಡಬ್ಯಾಡ."

ಅಂದಿನಿಂದ ದಿನವೂ ಸಂಜೆ ಅದು ನಡೆಯಿತು. ಪಾತ್ರೆ ಮುಟ್ಟಿದರೆ ತಿಳಿಯದು, ಇಕ್ಕಳ ಹಿಡಿದರೆ ತಿಳಿಯದು, ಬೆಂಕಿಯ ಹತ್ತಿರ ಒಯ್ದರೂ ತಿಳಿಯದು. ಆ ಎರಡು ಬೆರಳು ಕೂದಲಿನಲ್ಲಿ ಮಾತ್ರ ಅವನ ಬೆರಳುಗಳು ಒಂದೊಂದಾಗಿ ಎಚ್ಚರಗೊಳ್ಳುತ್ತಿದ್ದವು. ಭೀಮಕ್ಕ ಗೋಡೆಗೆ ಮುಖ ಮಾಡಿ ಕುಳಿತಿರುತ್ತಿದ್ದಳು. ಅವಳ ಮನಸ್ಸಿನಲ್ಲಿ ಒಂದು ಮಾತು ಹುಟ್ಟಿತ್ತು. ಅದನ್ನು ಅವಳು ಈರಣ್ಣನಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ನಾನು ಊಹಿಸಿದೆ: ಮುಡಿ ಕೊಟ್ಟರೆ ಆ ಬೆರಳುಗಳು ಎಲ್ಲಿ ಹೋಗಿ ಕಲಿಯಬೇಕು?

೬

ಶ್ರಾವಣ ಬಂದಿತು. ಕೂದಲು ನಾಲ್ಕು ಬೆರಳಾಗಿತ್ತು. ಇನ್ನು ಮುಕ್ತಾಯ. ಮೂರನ್ನು ಸಿದ್ಧಪಡಿಸಿ ಭೀಮಕ್ಕನ ಮುಂದಿಟ್ಟೆ.

ಅ. ಅವಳು ಸಂತೋಷದಿಂದ ಮುಡಿ ಕೊಡುತ್ತಾಳೆ. ಕತ್ತಿ ನಿಂತ ಗಳಿಗೆಯಲ್ಲಿ ಹೊನ್ನೂರಪ್ಪನ ಕೈ ಸಂಪೂರ್ಣ ಗುಣವಾಗುತ್ತದೆ.

"ಸಂತೋಷದಿಂದ ಅಂತ ಯಾರು ಹೇಳಿದ್ರು ನಿಮಗ?"

ಆ. ಅವಳು ಬಸ್ಸಿನಿಂದ ನಡುದಾರಿಯಲ್ಲಿ ಇಳಿದು ಆಲೂರಿನ ಕಡೆಗೆ ನಡೆಯುತ್ತಾಳೆ.

"ಆಲೂರಾಗ ಯಾರ ಮುಖ ನೋಡಲಿ? ಆರಿದ ಕುಲುಮಿ ಮುಂದ ಹೋಗಿ, ಮಾವ, ಕೂದಲು ಬಂತು, ನನಗ ಚಂದ ಕಾಣಿಸ್ತು, ಇಟ್ಕೊಂಡೆ, ಅನ್ನಲೇನು?"

ಇ. ಶೇಷಮ್ಮ ಮನಸ್ಸು ಕರಗಿ, ಮೂರು ಕತ್ತರಿ ಕೊಟ್ಟರೆ ಸಾಕೆನ್ನುತ್ತಾಳೆ. ತುದಿಯ ಮೂರು ಎಳೆ ದೇವರಿಗೆ, ಮಿಕ್ಕದ್ದು ಮನೆಗೆ. ಹಲವು ಹೆಂಗಸರು ಹಾಗೆ ಮಾಡುವುದುಂಟು. (ನನಗೆ ಅತ್ಯಂತ ಪ್ರಿಯವಾಗಿದ್ದುದು ಇದೇ.)

ಭೀಮಕ್ಕ ಅದನ್ನೂ ಪಕ್ಕಕ್ಕೆ ಸರಿಸಿದಳು. "ಪೂರಾ ಅಂದಿದ್ದೆ. ಮಂದಿ ಕೇಳಿದ್ರು. ಆತನೂ ಕೇಳಿದ. ಕೈ ಉಳಿಸುವಾಗ ಮೂರೇ ಬೆರಳು ಉಳಿಸಿ ಸಾಕು ಅಂದಿಲ್ಲ ಆತ."

ಹೀಗೆ ಮೂರೂ ಹೋದವು. ನನ್ನ ಬಳಿ ಉಳಿದದ್ದು ಉರುಕುಂದ, ಸೋಮವಾರ, ಬೆಳಗಿನ ಎಂಟು ಗಂಟೆ.

೭

ಮುಡಿಕಟ್ಟೆಯ ಬಳಿ ಸಾಲು ಉದ್ದವಾಗಿತ್ತು. ಸುಂಕಣ್ಣನೂ ಬಂದಿದ್ದನು. ಯಾರೂ ಕರೆದಿರಲಿಲ್ಲ. ಕಂಬಕ್ಕೊರಗಿ ನಿಂತಿದ್ದನು; ನಾಲ್ಕು ತಿಂಗಳು ಬೆಂಕಿಯಿಲ್ಲದ ಅವನ ಉಗುರುಗಳು ಬೆಳ್ಳಗಾಗಿದ್ದವು. ಭೀಮಕ್ಕ ಆ ಉಗುರುಗಳನ್ನು ನೋಡಿ ಕಣ್ಣು ಕೆಳಗಿಳಿಸಿದಳು.

ಅವಳ ಸರದಿ ಬಂದಿತು. ಕಲ್ಲಿನ ಮೇಲೆ ಕುಳಿತು ಕತ್ತು ಬಗ್ಗಿಸಿದಳು. ಕ್ಷೌರದವನು ತಂಬಿಗೆ ನೀರು ಸುರಿದು ತಲೆ ನೆನೆಸಿದನು.

"ಹರಕಿ ಯಾರಿಗೋಸ್ಕರನೋ ಆತ ತಲಿ ಮುಟ್ಟಿ ಒಪ್ಪಿಸಬೇಕು," ಎಂದಳು ಶೇಷಮ್ಮ. "ಹೊನ್ನೂರಾ, ಬಾ. ಬಲಗೈ ಇಡು."

ಹೊನ್ನೂರಪ್ಪ ಬಂದು ಕೈ ಇಟ್ಟನು. ಬೆರಳುಗಳು ಒದ್ದೆ ಕೂದಲಿನೊಳಕ್ಕೆ ಇಳಿದವು. ಇಳಿದು, ನಿಧಾನವಾಗಿ, ಐದೂ ಮಡಚಿದವು. ಒಂದೂವರೆ ವರ್ಷದಲ್ಲಿ ಆ ಕೈ ಮುಷ್ಟಿಯಾದದ್ದು ಅದೇ ಮೊದಲು. ಶೇಷಮ್ಮ ಅದನ್ನು ಕಂಡಳು. ಸುಂಕಣ್ಣ ಕಂಬ ಬಿಟ್ಟು ನೆಟ್ಟಗೆ ನಿಂತನು.

"ಚೆಯ್ಯಿ ತೀಯಪ್ಪಾ," ಎಂದನು ಕ್ಷೌರದವನು ತೆಲುಗಿನಲ್ಲಿ. ಮುಷ್ಟಿ ಹಾಗೆಯೇ ಇತ್ತು. "ಕೈ ತಗಿಯಪ್ಪಾ, ಹಿಂದ ಮಂದಿ ಅದಾರ."

"ಹೊನ್ನೂರಾ," ಎಂದಳು ಶೇಷಮ್ಮ. ದನಿ ಅರ್ಧಕ್ಕೆ ಇಳಿದಿತ್ತು. "ಒಪ್ಪಿಸಿದಿ. ಸಾಕು. ಕೈ ತಗಿ."

"ಬರವಲ್ದವ್ವಾ."

"ಬರವಲ್ದು ಅಂದ್ರ?"

"ಬಿಚ್ಚಾಕ ಬರವಲ್ದು."

ನಾನು ಹೊನ್ನೂರಪ್ಪನನ್ನು ಕೇಳಿದೆ: ಬೆರಳು ಸೆಟೆದಿವೆಯೋ, ನೀನೇ ಬಿಡಲೊಲ್ಲೆಯೋ? ಅವನು ನನ್ನ ಕಡೆ ತಿರುಗಲಿಲ್ಲ. ಇದನ್ನು ಬಲ್ಲವರು ಇನ್ನೊಬ್ಬರೇ. ಸೆಟೆದ ಮುಷ್ಟಿಗೂ ಹಿಡಿದ ಮುಷ್ಟಿಗೂ ಇರುವ ವ್ಯತ್ಯಾಸ, ಹಿಡಿಯಲ್ಪಟ್ಟ ಕೂದಲಿನ ಬುಡಕ್ಕೆ ತಿಳಿದೇ ತಿಳಿಯುತ್ತದೆ. ಆದ್ದರಿಂದ ಬಗ್ಗಿ ಕುಳಿತಿದ್ದ ಭೀಮಕ್ಕನ ಹತ್ತಿರ ಹೋಗಿ ಕೇಳಿದೆ.

ಅವಳು ಮುಖ ಎತ್ತದೆ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಉತ್ತರ ಹೇಳಿದಳು. ಹೇಳಿದ ಮೇಲೆ ಅಂದಳು:

"ಬರೀಬ್ಯಾಡ್ರಿ ಅಯ್ಯವಾರೂ. ಬರದ್ರ ಅತ್ತಿ ಯಾರ ಕೈಲಾದ್ರೂ ಓದಿಸ್ಕೋತಾಳ."

ಯಾರ ಮುಂದೆ ಓದಿದರೂ ಬಾಧಕವಿಲ್ಲದಷ್ಟನ್ನು ಬರೆಯುತ್ತೇನೆ. ಕ್ಷೌರದವನು ಕತ್ತಿಯನ್ನು ಅಂಗೈಗೆ ತಿಕ್ಕುತ್ತಿದ್ದಾನೆ. ಶೇಷಮ್ಮ ಮಗನ ಮಣಿಕಟ್ಟಿನ ಹತ್ತಿರ ಕೈ ಒಯ್ದಿದ್ದಾಳೆ, ಮುಟ್ಟಿಲ್ಲ. ಕೂದಲಿನಿಂದ ಇಳಿದ ನೀರು ಹೊನ್ನೂರಪ್ಪನ ಬೆರಳ ಸಂದುಗಳಲ್ಲಿ ಹರಿಯುತ್ತಿದೆ. ಅದು ತಣ್ಣಗಿದೆ ಎಂಬುದು ಅವನಿಗೆ ತಿಳಿಯುತ್ತಿದೆ.